ಮಜ್ಜಿಗೆಯಿಂದ ಕೊಲೆಸ್ಟರಾಲ್ ಇಳಿಯುವುದೇ?

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ಬೇಸಗೆಯೆಂದರೆ ಮಜ್ಜಿಗೆಯ ಕಾಲ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾಗುವುದರೊಳಗೆ ಗಟ್ಟಿ ಮೊಸರಾಗಿ, ಮಧ್ಯಾಹ್ನಕ್ಕೆ ಹುಳಿಯೇರಿಬಿಡುವುದು. ಜೋಳದ ನುಚ್ಚಿಗೆ ಮಜ್ಜಿಗೆ ಸುರಿದುಕೊಂಡು ಉಣ್ಣುವವರು ಅದನ್ನು ಔಷಧವೆಂದು ಭಾವಿಸಿದವರಲ್ಲ. ಆದರೆ ರಕ್ತಪರೀಕ್ಷೆಯ ಚೀಟಿಯಲ್ಲಿ ಕೊಲೆಸ್ಟರಾಲ್ 200ನ್ನು ತುಸು ದಾಟಿದೆಯೆಂದು ಕಂಡವರಿಗೆ, ಈ ಮಜ್ಜಿಗೆಯೇ ಸಾಲದೇ ಎಂಬ ಆಸೆ ಹುಟ್ಟುವುದು ಸಹಜ.

ಹುಳಿಹಾಲಿನ ಜೀವಾಣುಗಳಿಂದ ಆಯುಸ್ಸು ಹೆಚ್ಚೀತೆಂಬ ವಿಚಾರಕ್ಕೆ ಪ್ರಚಾರ ದೊರಕಿಸಿದವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕೋಫ್. 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ. ಇಂತಹ ಹಿತಕಾರಿ ಸಜೀವ ಜೀವಾಣುಗಳಿಗೇ ಇಂದು ಪ್ರೋಬಯಾಟಿಕ್ ಎಂದು ಹೆಸರು. ಕೊಲೆಸ್ಟರಾಲಿನ ಮಾತು ಬಂದುದು ಬಹಳ ತಡವಾಗಿ. ಆಫ್ರಿಕದ ಮಸಾಯಿ ಜನರು ಹುದುಗಿಸಿದ ಹಾಲನ್ನು ಯಥೇಚ್ಛವಾಗಿ ಕುಡಿದು ಮೈತೂಕ ಹೆಚ್ಚಿಸಿಕೊಂಡರೂ ಅವರ ಕೊಲೆಸ್ಟರಾಲ್ ಇಳಿಯಿತೆಂದು ಜಾರ್ಜ್ ಮ್ಯಾನ್ ಎಂಬುವರು 1974ರಲ್ಲಿ ಪ್ರಕಟಿಸಿದರು.

ಇದರ ಮರ್ಮ ಪಿತ್ತದಲ್ಲಿದೆ. ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸಿ ಕರುಳಿಗೆ ಕಳುಹುತ್ತದೆ. ಕೊಬ್ಬು ಜೀರ್ಣವಾದ ಮೇಲೆ, ಜಿಪುಣ ಯಜಮಾನನಂತೆ, ಬಹುಭಾಗವನ್ನು ಮರಳಿ ತರಿಸಿಕೊಳ್ಳುತ್ತದೆ. ಕೆಲವು ಜೀವಾಣುಗಳು ಈ ಪಿತ್ತಲವಣಗಳನ್ನು ಒಡೆದುಬಿಡುವುದರಿಂದ ಅವುಗಳಲ್ಲೊಂದು ಪಾಲು ಹಿಂದಿರುಗದೆ ಮಲದೊಡನೆ ಹೊರಟುಹೋಗುತ್ತದೆ. ನಷ್ಟ ತುಂಬಲು ಯಕೃತ್ತು ರಕ್ತದ ಕೊಲೆಸ್ಟರಾಲಿಗೇ ಕೈಹಾಕಬೇಕಾಗುತ್ತದೆ.

ಲ್ಯಾಕ್ಟೊಬ್ಯಾಸಿಲಸ್ ರೂಟರಿಯ ಒಂದು ತಳಿಯನ್ನು ಗುಳಿಗೆಯಲ್ಲಿಟ್ಟು ಕೊಟ್ಟ ಪರೀಕ್ಷೆಯೊಂದರಲ್ಲಿ, ಒಂಬತ್ತು ವಾರಗಳಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ನೂರಕ್ಕೆ ಸುಮಾರು 11ರಷ್ಟು ಇಳಿದುದು 2012ರಲ್ಲಿ ವರದಿಯಾಯಿತು. ಇತರ ಹಲವು ಪರೀಕ್ಷೆಗಳಲ್ಲಿ ಲಾಭ ಇನ್ನೂ ಕಡಿಮೆ. ಸ್ಟ್ಯಾಟಿನ್ ಮಾತ್ರೆಗಳಾದರೋ ನೂರಕ್ಕೆ 30ಕ್ಕೂ ಮಿಗಿಲಾಗಿ ಇಳಿಸಬಲ್ಲವು.

ಅಲ್ಲದೆ, ಒಂದು ತಳಿಯ ಗುಣ ಇನ್ನೊಂದಕ್ಕಿಲ್ಲ. ನೆರೆಮನೆಯಿಂದ ತಂದ ಹೆಪ್ಪಿನಲ್ಲಿ ಯಾವ ತಳಿ ಇದೆಯೆಂದು ಬಲ್ಲವರಾರು? ಮಜ್ಜಿಗೆಯನ್ನು ಕುದಿಸಿ ಸಾರು ಮಾಡಿದರಂತೂ ಜೀವಾಣುಗಳೆಲ್ಲ ಸಾಯುವುವು. ರುಚಿ ಮಾತ್ರ ಉಳಿಯುವುದು. ಹಾಗೆಂದು ಮಜ್ಜಿಗೆಯನ್ನು ಬಿಡಬೇಕಾದುದಿಲ್ಲ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಕೊಬ್ಬು ಕಡಿಮೆ. ರಕ್ತದ ಒತ್ತಡವುಳ್ಳವರು ಉಪ್ಪನ್ನು ಹಿತಮಿತವಾಗಿ ಬೆರೆಸಿಕೊಂಡರಾಯಿತು. ಅದರ ಜೊತೆಗಿರುವ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯಗಳ ನಾರಿನಂಶವನ್ನೂ ಮರೆಯಬಾರದು; ಬೇಳೆಕಾಳುಗಳಿಂದ ಎಲ್‌ಡಿಎಲ್ ತುಸು ಇಳಿಯುವುದೆಂಬುದಕ್ಕೆ ಆಧಾರಗಳು ಸಾಕಷ್ಟಿವೆ.

ಸಕ್ಕರೆ ಕಾಯಿಲೆಯುಳ್ಳವರು, ಒಮ್ಮೆ ಹೃದಯಾಘಾತಕ್ಕೆ ಒಳಗಾದವರು ಗುಳಿಗೆಯನ್ನು ನಿಲ್ಲಿಸಿ ಮಜ್ಜಿಗೆಯನ್ನು ನಂಬುವುದು ಅಪಾಯಕರ. ತುಸುವೇ ಏರಿರುವವರು ವೈದ್ಯರ ಒಪ್ಪಿಗೆ ಪಡೆದು, ಎಣ್ಣೆ-ಬೆಣ್ಣೆ ತಗ್ಗಿಸಿ, ದಿನವೂ ನಡೆದಾಡಿ, ಮೂರು ತಿಂಗಳ ಮೇಲೆ ಮತ್ತೊಮ್ಮೆ ರಕ್ತ ಪರೀಕ್ಷಿಸಿಕೊಳ್ಳಬಹುದು.