ಎಂಟು ಗೂಟ, ಒಂದು ಪುಟ್ಟ ಚೀಲ

ಮಕ್ಕಳೇ, ಟೆಂಟ್ ಸಿನಿಮಾ ಎಂದರೆ ಏನು ಎಂದು ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಒಮ್ಮೆ ಕೇಳಿ ನೋಡಿ. ಊರಾಚೆಯ ಬಯಲಿನಲ್ಲಿ ದೊಡ್ಡ ಡೇರೆ. ಒಳಗೆ ನೆಲದ ಮೇಲೆ ಕುಳಿತವರಿಗೆ ಒಂದು ದರ, ಬೆಂಚಿನ ಮೇಲೆ ಕುಳಿತವರಿಗೆ ಇನ್ನೊಂದು. ಕರಾವಳಿಯ ಅಜ್ಜಂದಿರಾದರೆ ಯಕ್ಷಗಾನದ ಡೇರೆ ಮೇಳಗಳ ಕಥೆ ತೆಗೆದಾರು. ಇವತ್ತು ಈ ಊರಿನ ಗದ್ದೆಯಲ್ಲಿ ಆಟ. ಬೆಳಗಾದ ಮೇಲೆ ಡೇರೆ ಬಿಚ್ಚಿ ಲಾರಿಗೆ ಹೇರಿ, ಸಂಜೆಯೊಳಗೆ ಮತ್ತೊಂದು ಊರಿನಲ್ಲಿ ಎಬ್ಬಿಸಬೇಕು. ಅಷ್ಟು ದೊಡ್ಡ ಡೇರೆಯ ಹಗ್ಗಗಳನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ನೆಲಕ್ಕೆ ಹೊಡೆದ ಗೂಟಗಳು. ಅವುಗಳ ತೂಕ ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ. ಹೊರುವುದು ಲಾರಿಯಲ್ಲವೇ!

ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವ ಚಾರಣಿಗರ ಪುಟ್ಟ ಡೇರೆಗೂ ಗೂಟ ಬೇಕೇ ಬೇಕು. ಇಲ್ಲಿ ಹೊರುವುದು ಎರಡು ಹೆಗಲು. ಆದ್ದರಿಂದ ಗೂಟ ಗೇಣುದ್ದಕ್ಕೆ ಇಳಿದಿದೆ, ಪೆನ್ಸಿಲಿನಷ್ಟು ತೆಳ್ಳಗಾಗಿದೆ. (ಮಂತ್ರಿಗಳ ಗೂಟದ ಕಾರಿನ ಗೂಟವೇ ಬೇರೆ, ಅದರ ಮಾತು ಇಲ್ಲಿ ಬೇಡ.)

ಇವುಗಳಲ್ಲಿ ಮೂರು ಜಾತಿ. ಅಗ್ಗದ ಡೇರೆಯ ಜೊತೆ ಬರುವ ಉಕ್ಕಿನ ಕಡ್ಡಿಗಳು ಒಂದೊಂದೂ 30-40 ಗ್ರಾಂ ತೂಗುವುದುಂಟು. ಅಲ್ಯೂಮಿನಿಯಂ ಗೂಟವನ್ನು ತುದಿಯಿಂದ ನೋಡಿದರೆ ಇಂಗ್ಲಿಷಿನ ‘ವೈ’ ಅಕ್ಷರದ ಆಕಾರ ಕಾಣುತ್ತದೆ. ಸುಮಾರು 19 ಸೆಂ.ಮೀ. ಉದ್ದದ್ದು 13 ಗ್ರಾಂ ಆಸುಪಾಸು ಬರುತ್ತದೆ. ಇನ್ನು ಟೈಟೇನಿಯಂ ಲೋಹದ ಕಡ್ಡಿ, ಮೇಲ್ತುದಿ ಕೊಡೆಯ ಹಿಡಿಯಂತೆ ಬಾಗಿರುತ್ತದೆ. ಅದು ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತಲೂ ಹಗುರ. ನಾಣ್ಯ 7.7 ಗ್ರಾಂ, ಕಡ್ಡಿ ಆರೇಳು ಗ್ರಾಂ. ಹಾಗೆಂದು ಟೈಟೇನಿಯಂಗೆ ಮರುಳಾಗಬೇಕಿಲ್ಲ. ಬೆಲೆ ಜಾಸ್ತಿ, ಮೇಲಾಗಿ ಅಷ್ಟು ತೆಳ್ಳನೆಯ ಕಡ್ಡಿ ಸಡಿಲ ಮಣ್ಣಿನಲ್ಲಿ ಗಿರ್ರನೆ ತಿರುಗಿ ಹಗ್ಗವನ್ನು ಬಿಟ್ಟುಬಿಡುತ್ತದೆ. ಮಕ್ಕಳ ಮೊದಲ ಡೇರೆಗೆ ಅಲ್ಯೂಮಿನಿಯಂ ಗೂಟವೇ ಸಾಕು. ಎಂಟು ಸೇರಿದರೂ ನೂರು ಗ್ರಾಂ ಚಿಲ್ಲರೆ.

‘ಇಷ್ಟು ಚಿಕ್ಕ ವಸ್ತುವಿಗೆ ಇಷ್ಟೊಂದು ಮಾತೇ?’ ಎಂದು ಅಜ್ಜಿ ಕೇಳಿಯಾರು. ಮಾತು ಇರುವುದು ಗೂಟ ಮತ್ತು ಬಟ್ಟೆಯ ಜಗಳದಲ್ಲಿ. ಹಗುರ ಡೇರೆಯ ಬಟ್ಟೆ ಎಷ್ಟು ತೆಳು ಗೊತ್ತೇ? ನೂಲಿನ ದಪ್ಪವನ್ನು ಅಳೆಯಲು ‘ಡೆನಿಯರ್’ ಎಂಬ ಲೆಕ್ಕವಿದೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಹಗುರ ಡೇರೆಗಳಲ್ಲಿ ಹೆಚ್ಚಾಗಿ ಬಳಸುವುದು 20 ಡೆನಿಯರ್ ನೈಲಾನ್. ಅಂದರೆ 9 ಕಿಲೋಮೀಟರ್ ಉದ್ದದ ನೂಲು ಬರೀ 20 ಗ್ರಾಂ! ಅಂಥ ಬಟ್ಟೆಯ ಮಡಿಕೆಯೊಳಗೆ ಮೊನಚು ಗೂಟಗಳನ್ನು ಹಾಗೇ ಸುತ್ತಿಟ್ಟು, ಮೇಲೆ ಅಕ್ಕಿ, ಸ್ಟೌ, ನೀರಿನ ಬಾಟಲಿ ಹೇರಿದರೆ ಏನಾದೀತು? ನಡೆಯುವಾಗ ಪ್ರತಿ ಹೆಜ್ಜೆಗೂ ಗೂಟ ಒಂದಿಷ್ಟು ಕೊರೆಯುತ್ತದೆ. ತೂತು ಹಗಲಲ್ಲಿ ಕಾಣುವುದಿಲ್ಲ. ರಾತ್ರಿ ಮಳೆ ಬಂದಾಗ ಮುಖದ ಮೇಲೆ ತಟಕ್ಕನೆ ಹನಿ ಬಿದ್ದಾಗಲೇ ಗೊತ್ತಾಗುವುದು.

ಇನ್ನೊಂದು ಅಪಾಯ ಗೂಟ ಕಳೆದುಹೋಗುವುದು. ಎಂಟರಲ್ಲಿ ಒಂದು ಕಳೆದರೆ ಏಳು ಇವೆಯಲ್ಲ ಎನ್ನಬಹುದು. ಆದರೆ ಗಾಳಿ ಲೆಕ್ಕ ಹಾಕುವುದೇ ಬೇರೆ ರೀತಿ. ಗಾಳಿ ಬರುವ ದಿಕ್ಕಿನ ಮೂಲೆಯ ಗೂಟವೇ ಇಲ್ಲದಿದ್ದರೆ ಆ ಮೂಲೆ ಮೊದಲು ಎದ್ದು ಪಟಪಟನೆ ಬಡಿದುಕೊಳ್ಳುತ್ತದೆ. ಆ ಎಳೆತ ಪಕ್ಕದ ಗೂಟದ ಮೇಲೆ ಬಿದ್ದು ಅದೂ ಕೀಳುತ್ತದೆ. ಚಾರಣದ ಕೋಲನ್ನೇ ಕಂಬವಾಗಿ ನಿಲ್ಲಿಸುವ ಹಗುರ ಡೇರೆಯಂತೂ ಗೂಟವಿಲ್ಲದೆ ನಿಲ್ಲುವುದೇ ಇಲ್ಲ. ಬೆಟ್ಟದ ನೆತ್ತಿಯ ಚಳಿಯಲ್ಲಿ, ಒದ್ದೆಯಾಗಿ, ಕತ್ತಲಲ್ಲಿ ಡೇರೆಯ ಮೂಲೆ ಹಿಡಿದು ಕುಳಿತು ಬೆಳಗು ಮಾಡುವುದು ತಮಾಷೆಯ ಮಾತಲ್ಲ. ಮಕ್ಕಳು ಜೊತೆಗಿದ್ದರಂತೂ ಖಂಡಿತ ಅಲ್ಲ.

ಎರಡಕ್ಕೂ ಮದ್ದು ಒಂದೇ: ಗೂಟಗಳಿಗೇ ಒಂದು ಪ್ರತ್ಯೇಕ ಚೀಲ. ಅಂಗಡಿಯಲ್ಲಿ ಸಿಗುತ್ತದೆ, ಕೊಳ್ಳಬೇಡಿ. ಅಟ್ಟದ ಮೇಲೆ ಕಡ್ಡಿ ಮುರಿದ ಕೊಡೆ ಇದ್ದೇ ಇರುತ್ತದೆ. ಅಜ್ಜಿಯ ಹೊಲಿಗೆ ಯಂತ್ರವೂ ಇದ್ದರೆ ಕೆಲಸ ಅರ್ಧ ಮುಗಿದ ಹಾಗೆ. ಕೊಡೆಯ ಬಟ್ಟೆ ಹಗುರ, ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ. ಅದರಲ್ಲಿ 28 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ತುಂಡು ಕತ್ತರಿಸಿ. ಕೊಡೆಯ ಬಟ್ಟೆ ತ್ರಿಕೋನದ ಪಟ್ಟಿಗಳಲ್ಲಿ ಇರುವುದರಿಂದ ಅಗಲವಾದ ಕೆಳಭಾಗದಲ್ಲಿ ಅಳತೆ ಹಾಕಿಕೊಳ್ಳಿ. ಮೊದಲು ಮೇಲಂಚನ್ನು 3 ಸೆಂ.ಮೀ. ಒಳಮಡಚಿ, ಪೈಜಾಮಕ್ಕೆ ಬಿಡುವ ಹಾಗೆ ಲಾಡಿ ಹಾಯಿಸಲು ಜಾಗ ಬಿಟ್ಟು ಹೊಲಿಯಿರಿ. ಆಮೇಲೆ ಅಗಲವನ್ನು ಎರಡಾಗಿ ಮಡಚಿ, ಲಾಡಿಯ ದಾರಿಯನ್ನು ಮಾತ್ರ ಬಿಟ್ಟು, ಪಕ್ಕ ಮತ್ತು ಅಡಿಗೆ ಎರಡೆರಡು ಸಲ ಹೊಲಿಗೆ ಓಡಿಸಿ. ತಿರುವಿ ಹಾಕಿ, ಲಾಡಿ ಪೋಣಿಸಿದರೆ ಚೀಲ ಸಿದ್ಧ. ಸೂಜಿಗೆ ದಾರ ಪೋಣಿಸುವ ಕೆಲಸ ಮೊಮ್ಮಕ್ಕಳದ್ದು. ಕಣ್ಣು ಚುರುಕಾಗಿರುವುದು ಅವರದ್ದೇ.

ಲಾಡಿಗೆ ಕೆಂಪೋ ಹಳದಿಯೋ ಬಣ್ಣದ್ದು ಹಾಕಿ. ಕಪ್ಪು ಕೊಡೆಯ ಕಪ್ಪು ಚೀಲವನ್ನು ಮುಸ್ಸಂಜೆಯಲ್ಲಿ ಹುಲ್ಲಿನ ಮೇಲೆ ಇಟ್ಟು ಮರೆತರೆ ಅದು ನಿಮ್ಮ ಪಾಲಿಗೆ ಮುಗಿಯಿತು. ಒಂದೊಂದು ಗೂಟದ ತಲೆಯ ತೂತಿಗೂ ಅದೇ ಬಣ್ಣದ ದಾರದ ಕುಣಿಕೆ ಕಟ್ಟಿಟ್ಟರೆ ಎರಡು ಲಾಭ: ಹುಲ್ಲಿನಲ್ಲಿ ಬೇಗ ಕಾಣುತ್ತದೆ, ಕೀಳಲು ಹಿಡಿಯೂ ಆಗುತ್ತದೆ.

ಚೀಲದ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ಅಂಗೈಯಗಲದ ತುಂಡೊಂದನ್ನು ಮಡಚಿ ಇಡಿ. ಮೊನೆಗಳು ರಬ್ಬರಿಗೆ ತಾಗುತ್ತವೆ, ಬಟ್ಟೆ ಉಳಿಯುತ್ತದೆ. ಅದೇ ಟ್ಯೂಬಿನಿಂದ ಬಳೆಯ ಹಾಗೆ ಒಂದು ಉಂಗುರ ಕತ್ತರಿಸಿ ಗೂಟಗಳಿಗೆ ಬಿಗಿಯಾಗಿ ತೊಡಿಸಿದರೆ ಟಿಣಿಟಿಣಿ ಸದ್ದು ನಿಲ್ಲುತ್ತದೆ. ಎಲ್ಲ ಮೊನೆಗಳೂ ಕೆಳಗೆ, ಎಲ್ಲ ತಲೆಗಳೂ ಮೇಲೆ ಇರಲಿ. ಕತ್ತಲಲ್ಲಿ ಕೈ ಹಾಕಿದಾಗ ಚುಚ್ಚಬಾರದು. ‘ವೈ’ ಆಕಾರದ ಗೂಟಗಳು ಒಂದರ ಸಂದಿಯಲ್ಲಿ ಇನ್ನೊಂದು ಕುಳಿತುಕೊಳ್ಳುತ್ತವೆ. ಹೋಳಿಗೆ ಡಬ್ಬಿ ಜೋಡಿಸುವ ಅಜ್ಜಿಯ ಕೈಗೆ ಕೊಟ್ಟು ನೋಡಿ, ಎಂಟೂ ಒಂದು ಮುಷ್ಟಿಯೊಳಗೆ ಬರುತ್ತವೆ.

ಬೆನ್ನುಚೀಲದಲ್ಲಿ ಇದರ ಜಾಗ ಎಲ್ಲಿ? ಪಕ್ಕದ ಜೇಬಿನಲ್ಲಿ, ನೆಟ್ಟಗೆ ನಿಲ್ಲಿಸಿ, ಲಾಡಿಯನ್ನು ಚೀಲದ ಪಟ್ಟಿಗೆ ಒಂದು ಗಂಟು ಹಾಕಿ. ಮಳೆಯಲ್ಲಿ ತಂಗುದಾಣ ತಲುಪಿದಾಗ ಮೊದಲು ಕೈಗೆ ಬೇಕಾಗುವುದು ಡೇರೆ ಮತ್ತು ಗೂಟ. ಅವು ಬಟ್ಟೆಬರೆಯ ತಳದಲ್ಲಿ ಇದ್ದರೆ ಹುಡುಕುವಷ್ಟರಲ್ಲಿ ಎಲ್ಲ ತೊಯ್ದಿರುತ್ತದೆ. ಬೆಳಿಗ್ಗೆ ಕಿತ್ತ ಗೂಟದ ಕೆಸರೂ ಹೊರಗಿನ ಜೇಬಿನಲ್ಲೇ ಉಳಿಯುತ್ತದೆ, ಒಳಗಿನ ಸ್ವೆಟರಿಗೆ ಅಂಟುವುದಿಲ್ಲ.

ಇಷ್ಟು ಹೇಳುವಾಗ ಒಬ್ಬ ಅಜ್ಜಿಯ ನೆನಪು ಬರುತ್ತದೆ. ಅಮೆರಿಕದ ಓಹಾಯೋ ರಾಜ್ಯದ ಎಮ್ಮಾ ಗೇಟ್‌ವುಡ್. 11 ಮಕ್ಕಳ ತಾಯಿ, 23 ಮೊಮ್ಮಕ್ಕಳ ಅಜ್ಜಿ. 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಜಾರ್ಜಿಯಾದಿಂದ ಮೇನ್‌ವರೆಗಿನ ಅಪಲಾಚಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. 3,200 ಕಿಲೋಮೀಟರಿಗೂ ಮಿಕ್ಕಿದ ದಾರಿ! ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಬಟ್ಟೆಯ ಚೀಲ. ಮಳೆಗೆ ಅಡ್ಡವಾಗಿ ಒಯ್ದದ್ದು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಡೇರೆಯೂ ಇಲ್ಲ, ಗೂಟವೂ ಇಲ್ಲ. ಅವರನ್ನು ಮೆಚ್ಚೋಣ, ಆದರೆ ನಮ್ಮ ಮಲೆನಾಡಿನ ಮಳೆಗೆ ಪರದೆ ಹೊದ್ದು ಹೋಗುವುದು ಬೇಡ. ಅವರಿಂದ ಕಲಿಯಬೇಕಾದ್ದು ಆ ಹೊಲಿದ ಚೀಲ.

ಇನ್ನು ಎಣಿಕೆ. ಚೀಲದ ಒಳಬಾಯಿಗೆ ಅಳಿಸದ ಶಾಯಿಯಲ್ಲಿ ‘8’ ಎಂದು ಬರೆದಿಡಿ. ಗೂಟ ಹೊಡೆದ ಮೇಲೆ ಖಾಲಿ ಚೀಲವನ್ನು ಡೇರೆಯೊಳಗೇ ಇಡಿ. ಬೆಳಿಗ್ಗೆ ಗೂಟ ಕಿತ್ತ ಕೂಡಲೇ ಚೀಲಕ್ಕೆ ಹಾಕಬೇಕು, ನೆಲದ ಮೇಲೆ ಗುಡ್ಡೆ ಹಾಕಿ ‘ಆಮೇಲೆ ತುಂಬಿಸೋಣ’ ಎನ್ನಬಾರದು. ಎಂಟು ಆಗದೆ ಲಾಡಿ ಎಳೆಯುವ ಹಾಗಿಲ್ಲ. ಈ ಕೆಲಸ ಗುಂಪಿನ ಅತಿ ಚಿಕ್ಕವರಿಗೆ ವಹಿಸುವುದು ಒಳ್ಳೆಯದು. ದೊಡ್ಡವರು ಮಾತಿನ ನಡುವೆ ಎಣಿಕೆ ತಪ್ಪುತ್ತಾರೆ; ಮಕ್ಕಳು ತಪ್ಪುವುದಿಲ್ಲ, ತಪ್ಪಿದವರನ್ನು ಬಿಡುವುದೂ ಇಲ್ಲ.

ಬಿಗಿಯಾಗಿ ಕೂತ ಗೂಟವನ್ನು ಡೇರೆಯ ಹಗ್ಗ ಹಿಡಿದು ಎಳೆಯಬೇಡಿ, ಬಟ್ಟೆ ಹರಿದೀತು. ಇನ್ನೊಂದು ಗೂಟದ ತಲೆಯನ್ನು ಕೊಕ್ಕೆಯಂತೆ ಕುಣಿಕೆಗೆ ಸಿಕ್ಕಿಸಿ, ಗೂಟ ಯಾವ ಓರೆಯಲ್ಲಿ ಒಳಹೋಗಿತ್ತೋ ಅದೇ ಓರೆಯಲ್ಲಿ ಎಳೆದರೆ ಬರುತ್ತದೆ.

ಮನೆಗೆ ಬಂದ ಮೇಲೆ ಹಾಗೇ ಮೂಲೆಗೆ ಎಸೆಯುವವರೇ ಜಾಸ್ತಿ. ಉತ್ತರ ಕರ್ನಾಟಕದ ಎರೆಮಣ್ಣು ಒಣಗಿ ಗಟ್ಟಿಯಾದರೆ ಕೆರೆದು ತೆಗೆಯಬೇಕಾಗುತ್ತದೆ; ಒದ್ದೆಯಿರುವಾಗಲೇ ತೊಳೆದರೆ ಸುಲಭ. ಸಮುದ್ರ ತೀರಕ್ಕೆ ಹೋಗಿ ಬಂದಿದ್ದರೆ ಸಿಹಿನೀರಿನಲ್ಲಿ ತೊಳೆಯಲೇಬೇಕು. ಉಪ್ಪು ತಾಗಿದ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ಡೇರೆಗೆ ಹತ್ತಿದರೆ ಹೋಗುವುದಿಲ್ಲ. ಬಿಸಿಲಲ್ಲಿ ಒಣಗಿಸಿ, ಬಾಗಿದ್ದನ್ನು ಬೇರೆ ತೆಗೆದಿಟ್ಟು, ಚೀಲವನ್ನು ಡೇರೆಯ ಜೊತೆಗೇ, ಆದರೆ ಅದರ ಮಡಿಕೆಯ ಹೊರಗೆ ಇಡಿ. ಬೇರೆ ಕಪಾಟಿನಲ್ಲಿ ಇಟ್ಟರೆ ಮುಂದಿನ ಸಲ ಡೇರೆ ಮಾತ್ರ ಹೊರಟೀತು.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು: ಗೂಟಗಳನ್ನು ಕೈಚೀಲದಲ್ಲಿ ಇಡಬೇಡಿ, ಲಗೇಜಿಗೆ ಹಾಕಿ. ಅಮೆರಿಕದ ವಿಮಾನ ಭದ್ರತೆಯವರು ಡೇರೆಯ ಗೂಟ ಕೈಚೀಲಕ್ಕೆ ಸಲ್ಲದು ಎಂದು ತಮ್ಮ ಪಟ್ಟಿಯಲ್ಲೇ ಹೇಳಿದ್ದಾರೆ. ನಮ್ಮಲ್ಲೂ ಮೊನಚು ವಸ್ತುವನ್ನು ತಡೆಯುತ್ತಾರೆ.

ಅಭ್ಯಾಸಕ್ಕೆ ಕಾಡಿಗೇ ಹೋಗಬೇಕಾಗಿಲ್ಲ. ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡೇರೆ ಹಾಕುವಂತಿಲ್ಲ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗಲು ಬಿಡುವುದೇ ಇಲ್ಲ. ಮನೆಯ ಅಂಗಳವೋ ಅಜ್ಜನ ತೋಟವೋ ಸಾಕು. ತಾರಸಿಯ ಮೇಲೆ ಮಾತ್ರ ಬೇಡ, ಕಾಂಕ್ರೀಟಿಗೆ ಗೂಟ ಇಳಿಯುವುದಿಲ್ಲ. ಈ ಭಾನುವಾರ ಸಂಜೆ ಡೇರೆ ಹಾಕಿ, ಬಿಚ್ಚಿ. ಲಾಡಿ ಎಳೆಯುವ ಮೊದಲು ಅಜ್ಜ ಪಕ್ಕದಲ್ಲಿ ನಿಂತು ‘ಎಷ್ಟಾಯಿತು?’ ಎಂದು ಕೇಳಲಿ.