ಆನೋಡ್ ಇಲ್ಲದ ಬ್ಯಾಟರಿ: ಲಿಥಿಯಂ ಸೋರಿಕೆ ನಿಂತರೆ ಮಾತ್ರ ಲಾಭ

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೋದವರು ಶೋರೂಮ್‌ನಲ್ಲಿ ತಪ್ಪದೇ ಕೇಳುವ ಪ್ರಶ್ನೆ ಎರಡು. ಒಂದು ಚಾರ್ಜ್‌ಗೆ ಎಷ್ಟು ಕಿ.ಮೀ. ಓಡುತ್ತೆ? ಬ್ಯಾಟರಿ ಎಷ್ಟು ವರ್ಷ ಬಾಳಿಕೆ ಬರುತ್ತೆ? ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡಬಲ್ಲ ಹೊಸ ಬ್ಯಾಟರಿಯೊಂದು ಪ್ರಯೋಗಾಲಯಗಳಲ್ಲಿ ತಯಾರಾಗುತ್ತಿದೆ. ಅದೇ ಆನೋಡ್ ರಹಿತ ಸಾಲಿಡ್ ಸ್ಟೇಟ್ ಬ್ಯಾಟರಿ. ಕಷ್ಟ ಇರುವುದು ಎರಡನೇ ಪ್ರಶ್ನೆಯಲ್ಲಿ.

ಏನಿದು ಆನೋಡ್ ರಹಿತ?

ಈಗಿನ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಕ್ಯಾಥೋಡ್, ಆನೋಡ್ ಎಂಬ ಎರಡು ಬದಿಗಳಿವೆ. ನಡುವೆ ದ್ರವ ಇರುತ್ತದೆ. ಚಾರ್ಜ್ ಮಾಡಿದಾಗ ಲಿಥಿಯಂ ಕ್ಯಾಥೋಡ್ ಬಿಟ್ಟು ಆನೋಡ್‌ನ ಗ್ರಾಫೈಟ್ ಒಳಗೆ ಹೋಗಿ ಕೂರುತ್ತದೆ. ಗಾಡಿ ಓಡುವಾಗ ವಾಪಸ್ ಬರುತ್ತದೆ. ಅಂದ್ರೆ ಗ್ರಾಫೈಟ್ ಒಂದು ರ್‍ಯಾಕ್ ಇದ್ದ ಹಾಗೆ. ಸಾಮಾನಿಗಿಂತ ರ್‍ಯಾಕ್‌ನ ತೂಕವೇ ಜಾಸ್ತಿ. ಒಂದು ಗ್ರಾಂ ಗ್ರಾಫೈಟ್ ಹಿಡಿಯಬಲ್ಲ ಚಾರ್ಜ್ ಸುಮಾರು 372 ಮಿಲಿಆಂಪಿಯರ್ ಅವರ್. ಒಂದು ಗ್ರಾಂ ಶುದ್ಧ ಲಿಥಿಯಂ ಲೋಹದ್ದು ಸುಮಾರು 3,860.

ಹೊಸ ಬ್ಯಾಟರಿಯಲ್ಲಿ ಆ ರ್‍ಯಾಕನ್ನೇ ತೆಗೆದುಹಾಕಲಾಗಿದೆ. ದ್ರವದ ಬದಲು ಘನ ಪದಾರ್ಥದ ಪದರ, ಆನೋಡ್ ಜಾಗದಲ್ಲಿ ಬರೀ ಲೋಹದ ತೆಳು ಹಾಳೆ. ಚಾರ್ಜ್ ಆಗುವಾಗ ಲಿಥಿಯಂ ಆ ಹಾಳೆಯ ಮೇಲೆ ಪದರವಾಗಿ ಕೂರುತ್ತದೆ, ಬಳಸುವಾಗ ಕರಗಿ ಹಿಂದಿರುಗುತ್ತದೆ. ತೂಕ, ಜಾಗ ಎರಡೂ ಉಳಿತಾಯ.

ಬಂಡವಾಳ ಕರಗುವ ಲೆಕ್ಕ

ಇಲ್ಲಿ ಹೆಚ್ಚುವರಿ ಲಿಥಿಯಂ ದಾಸ್ತಾನು ಇಲ್ಲ. ಕ್ಯಾಥೋಡ್‌ನಲ್ಲಿ ಇರುವಷ್ಟೇ ಬಂಡವಾಳ. ಅಂಗಡಿಯವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ: 100 ರೂಪಾಯಿ ಬಂಡವಾಳದಲ್ಲಿ ಪ್ರತಿ ಸುತ್ತಿಗೆ ಶೇ 1ರಷ್ಟು ಸೋರಿದರೆ, 100 ಸುತ್ತು ಮುಗಿಯುವಾಗ ಕೈಯಲ್ಲಿ ಉಳಿಯುವುದು ಸುಮಾರು 37 ರೂಪಾಯಿ. 1,000 ಸುತ್ತಿನ ನಂತರವೂ 90 ರೂಪಾಯಿ ಉಳಿಯಬೇಕಾದರೆ ಪ್ರತಿ ಸುತ್ತಿಗೆ ಶೇ 99.99ರಷ್ಟು ವಾಪಸ್ ಬರಲೇಬೇಕು.

ಲಿಥಿಯಂ ಎಲ್ಲಿ ಸೋರುತ್ತೆ?

ಸ್ವಲ್ಪ ಲಿಥಿಯಂ ಘನ ಪದರದ ಜೊತೆ ರಾಸಾಯನಿಕ ಕ್ರಿಯೆ ನಡೆಸಿ ಪೊರೆಯಾಗಿ ಉಳಿದುಬಿಡುತ್ತದೆ. ಇನ್ನು ಸ್ವಲ್ಪ, ಹಾಳೆಯ ಮೇಲೆ ಸಮನಾಗಿ ಹರಡದೆ ಅಲ್ಲಲ್ಲಿ ಗುಡ್ಡೆ ಬೀಳುತ್ತದೆ. ಕರಗುವಾಗ ಕೆಲವು ತುಣುಕುಗಳ ಸಂಪರ್ಕ ಕಡಿದುಹೋಗುತ್ತದೆ. ಅವು ಬ್ಯಾಟರಿ ಒಳಗೇ ಇದ್ದರೂ ಉಪಯೋಗಕ್ಕಿಲ್ಲ. ಇದಕ್ಕೆ 'ಸತ್ತ ಲಿಥಿಯಂ' ಎನ್ನುತ್ತಾರೆ. ಇನ್ನೂ ಕೆಟ್ಟದ್ದು ಅಂದ್ರೆ, ಲಿಥಿಯಂ ಬೇರಿನ ಹಾಗೆ ಘನ ಪದರವನ್ನು ಸೀಳಿ ಬೆಳೆದರೆ ಶಾರ್ಟ್ ಸರ್ಕ್ಯೂಟ್.

ತಡೆಯುವ ದಾರಿ

2020ರಲ್ಲಿ ಸ್ಯಾಮ್‌ಸಂಗ್ ಸಂಶೋಧಕರು ಹಾಳೆಯ ಮೇಲೆ ಬೆಳ್ಳಿ ಮತ್ತು ಇಂಗಾಲದ ಸೂಕ್ಷ್ಮ ಕಣಗಳ ತೆಳು ಲೇಪ ಹಾಕಿದರು. ಲೇಪದ ದಪ್ಪ ಕೇವಲ 5 ಮೈಕ್ರೋಮೀಟರ್, ಅಂದ್ರೆ ಒಂದು ಮಿಲಿಮೀಟರ್‌ನ 200ನೇ ಒಂದು ಭಾಗ. ಬೆಳ್ಳಿಯ ಜೊತೆ ಲಿಥಿಯಂ ಸುಲಭವಾಗಿ ಬೆರೆಯುವುದರಿಂದ ಅದು ಸಮನಾಗಿ ಹರಡುತ್ತದೆ. ಆ ಬ್ಯಾಟರಿ 1,000ಕ್ಕೂ ಹೆಚ್ಚು ಸುತ್ತು ಬಾಳಿತು. ಆದರೆ ಪರೀಕ್ಷೆ ನಡೆದದ್ದು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಹೊರಗಿನಿಂದ ಒತ್ತಡ ಹಾಕಿ. ಬೆಳ್ಳಿ ಬೆಲೆಯ ಮಾತು ಬೇರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೂ 2022ರಲ್ಲಿ ಮುಖ್ಯ ಸಂಗತಿಯೊಂದನ್ನು ತೋರಿಸಿತು. ಬ್ಯಾಟರಿ ಖಾಲಿಯಾಗುವಾಗ ಲಿಥಿಯಂನಲ್ಲಿ ಸೂಕ್ಷ್ಮ ಪೊಳ್ಳುಗಳು ಏಳುತ್ತವೆ. ಅವುಗಳ ಅಂಚಿನಲ್ಲಿ ಕರೆಂಟ್ ಸರಾಸರಿಗಿಂತ ಸುಮಾರು 10,000 ಪಟ್ಟು ಹೆಚ್ಚಾಗಿ, ಬೇರು ಅಲ್ಲಿಂದಲೇ ಶುರುವಾಗುತ್ತದೆ. ನಡುವೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂನ ತೆಳು ಪದರ ಇಟ್ಟಾಗ ಅದು ತಡವಾಯಿತು. ಪ್ರಯೋಗ ನಡೆದದ್ದು ಲಿಥಿಯಂ ಆನೋಡ್ ಇರುವ ಬ್ಯಾಟರಿಯಲ್ಲಿ. ಆನೋಡ್ ರಹಿತ ಬ್ಯಾಟರಿಗೂ ಇದೇ ಪೊಳ್ಳಿನ ಕಾಟ.

ಕೊಳ್ಳುವವರು ಏನು ಮಾಡಬೇಕು?

2025ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ, ಅಮೆರಿಕದ ಕ್ವಾಂಟಮ್‌ಸ್ಕೇಪ್ ಕಂಪನಿಯ ಇಂಥ ಬ್ಯಾಟರಿ ಹಾಕಿದ ಡುಕಾಟಿ ರೇಸ್ ಬೈಕ್ ಓಡಿಸಿ ತೋರಿಸಲಾಯಿತು. ಹಾಗಂತ ಊರಿನ ಶೋರೂಮ್‌ಗೆ ನಾಳೆಯೇ ಬಂದುಬಿಡುತ್ತೆ ಎಂದು ಕಾಯುತ್ತಾ ಕೂರಬೇಕಿಲ್ಲ. ಸ್ಕೂಟರ್ ಆಗಲಿ, ಅಂಗಡಿಯ ಇನ್ವರ್ಟರ್ ಆಗಲಿ, ಲಿಥಿಯಂ ಬ್ಯಾಟರಿ ಕೊಳ್ಳುವಾಗ ಹೆಸರು ನೋಡಿ ಮರುಳಾಗುವ ಬದಲು ಇಷ್ಟು ಕೇಳಿ: ಎಷ್ಟು ಬಾರಿ ಚಾರ್ಜ್ ಮಾಡಿದ ಮೇಲೆ ಶೇಕಡಾ ಎಷ್ಟು ಸಾಮರ್ಥ್ಯ ಉಳಿಯುತ್ತೆ? ಉತ್ತರ ಬಾಯಿಮಾತಲ್ಲಿ ಬೇಡ, ವಾರಂಟಿ ಕಾರ್ಡ್‌ನಲ್ಲಿ ಬರೆದಿರಲಿ.