ಉಸಿರಾಟದ ವ್ಯಾಯಾಮ ಕೊಬ್ಬು ಕರಗಿಸುವುದಕ್ಕಲ್ಲ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಎಚ್ಚರವಾದ ಕೂಡಲೇ ಹೇಳಿಕೊಡುವ ಕೆಲಸಗಳಲ್ಲಿ ದೀರ್ಘವಾಗಿ ಉಸಿರೆಳೆದುಕೊಳ್ಳುವುದೂ ಒಂದು. ಅದು ಏಕೆ ಬೇಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಮನೆಗೆ ಬರುವ ಹೊತ್ತಿಗೆ ಆ ವ್ಯಾಯಾಮದ ಸುತ್ತ ಬೇರೆ ಬೇರೆ ನಂಬಿಕೆಗಳು ಬೆಳೆದಿರುತ್ತವೆ. ಜೋರಾಗಿ ಉಸಿರಾಡಿದರೆ ಕೊಬ್ಬು ಬೇಗ ಕರಗುತ್ತದೆ ಎಂಬುದು ಅವುಗಳಲ್ಲಿ ಮೊದಲನೆಯದು. ಇದರಲ್ಲಿ ಒಂದೆಳೆ ನಿಜವಿದೆ, ಆದ್ದರಿಂದಲೇ ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಕರಗಿದ ಕೊಬ್ಬು ಹೋಗುವುದೆಲ್ಲಿಗೆ ಎಂಬ ಲೆಕ್ಕವನ್ನು ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 10 ಕಿಲೋ ಕೊಬ್ಬು ಪೂರ್ತಿ ಬಳಕೆಯಾದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶದ ಮೂಲಕ ಹೊರಬೀಳುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಅಂದರೆ ಕೊಬ್ಬಿನ ಬಹುಪಾಲು ಹೋಗುವುದು ಉಸಿರಿನಲ್ಲೇ. ಆದರೆ ಎಷ್ಟು ಕೊಬ್ಬು ಉರಿಯಬೇಕು ಎಂದು ತೀರ್ಮಾನಿಸುವುದು ಶ್ವಾಸಕೋಶವಲ್ಲ, ಸ್ನಾಯುಗಳು ಮಾಡುವ ಕೆಲಸ ಮತ್ತು ನಾವು ತಿನ್ನುವ ಅನ್ನ. ಹೊಗೆಯನ್ನು ಬೀಸಣಿಗೆಯಿಂದ ಕಿಟಕಿಯಾಚೆ ತಳ್ಳಿದ ಮಾತ್ರಕ್ಕೆ ಒಲೆಯೊಳಗಿನ ಸೌದೆ ಬೇಗ ಉರಿಯುವುದಿಲ್ಲ. ಕುಳಿತಲ್ಲೇ ರಭಸದಿಂದ ಉಸಿರಾಡಿದರೆ ರಕ್ತದಲ್ಲಿ ಆಗಲೇ ಇದ್ದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಖಾಲಿಯಾಗುತ್ತದೆ. ತಲೆ ಸುತ್ತು ಬರುತ್ತದೆ, ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎನ್ನುತ್ತದೆ. ಅದು ಕೊಬ್ಬು ಕರಗಿದ ಸೂಚನೆಯಲ್ಲ.

ಈ ಮಾತು ಬಂದಾಗ ಕಪಾಲಭಾತಿಯ ಪ್ರಸ್ತಾಪ ಬಂದೇ ಬರುತ್ತದೆ, ಬರಬೇಕಾದದ್ದೂ ಹೌದು. ಹಠಯೋಗಪ್ರದೀಪಿಕೆಯಂಥ ಹಳೆಯ ಗ್ರಂಥವೇ ಮೇದಸ್ಸು, ಕಫ ಹೆಚ್ಚಿರುವವರಿಗೆ ಷಟ್ಕರ್ಮಗಳನ್ನು ಹೇಳಿದೆ, ಕಪಾಲಭಾತಿ ಆ ಆರರಲ್ಲಿ ಒಂದು. ಹಾಗಿದ್ದ ಮೇಲೆ ಅದನ್ನು ಬೇಡವೆನ್ನುವುದೇಕೆ ಎಂದು ಕೇಳುವವರಿದ್ದಾರೆ. ಆ ಗ್ರಂಥ ಅದನ್ನು ಪ್ರಾಣಾಯಾಮಕ್ಕೆ ಮುಂಚಿನ ಶುದ್ಧಿಕ್ರಿಯೆಯಾಗಿ ಹೇಳುತ್ತದೆ. ಹೊಟ್ಟೆಯಲ್ಲಿ ಹಸಿ ಗಾಯವಿರುವ ದೇಹ ಅದರ ಲೆಕ್ಕದಲ್ಲಿ ಇರಲು ಸಾಧ್ಯವೇ ಇಲ್ಲ. ಕಪಾಲಭಾತಿಯಲ್ಲೂ ಭಸ್ತ್ರಿಕೆಯಲ್ಲೂ ಉಸಿರನ್ನು ಹೊರದಬ್ಬುವುದು ಹೊಟ್ಟೆಯ ಸ್ನಾಯುಗಳ ಹೊಡೆತದಿಂದ. ಪ್ರತಿ ಹೊಡೆತಕ್ಕೂ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಲ್ಯಾಪರೊಸ್ಕೋಪಿ ಉಪಕರಣಗಳು ಒಳಹೋದ ತೂತುಗಳು ಚರ್ಮದ ಮೇಲೆ ಬೇಗ ಮಾಯ್ದಂತೆ ಕಂಡರೂ ಒಳಪದರ ಗಟ್ಟಿಯಾಗಲು ವಾರಗಳೇ ಬೇಕು. ಭಾರ ಎತ್ತಬೇಡಿ ಎಂದು ಹೇಳುವ ಕಾರಣ ಯಾವುದೋ, ಕಪಾಲಭಾತಿ ಬೇಡ ಎನ್ನುವ ಕಾರಣವೂ ಅದೇ. ನಿಧಾನವಾಗಿ ಎಳೆದು ನಿಧಾನವಾಗಿ ಬಿಡುವ ಪ್ರಾಣಾಯಾಮಕ್ಕೆ ಈ ತಕರಾರು ಅನ್ವಯಿಸುವುದಿಲ್ಲ. ಅದು ಮನಸ್ಸನ್ನು ತಣ್ಣಗಿಡುತ್ತದೆ, ಮಾಡಲಿ. ರಭಸದ ಕ್ರಿಯೆಗಳಿಗೆ ಮಾತ್ರ ಆಪರೇಷನ್ ಮಾಡಿದ ವೈದ್ಯರ ಒಪ್ಪಿಗೆ ಸಿಗುವವರೆಗೆ ಕಾಯಬೇಕು.

ಹಾಗಾದರೆ ಮೊದಲ ದಿನದ ಆ ದೀರ್ಘ ಉಸಿರು ಏತಕ್ಕೆ? ಹೊಟ್ಟೆಯ ಕೊಬ್ಬು, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತಿರುತ್ತದೆ, ಮಲಗಿದಾಗ ಇನ್ನಷ್ಟು. ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯಬೇಕಾದ ಗಾಳಿ ಆ ಒತ್ತಡದಿಂದ ಕಡಿಮೆಯಾಗುತ್ತದೆ. ಅರಿವಳಿಕೆ ಕೊಟ್ಟಾಗ ವಪೆಯ ಬಿಗಿ ಹೋಗಿ ಶ್ವಾಸಕೋಶದ ಕೆಳಭಾಗದ, ಬೆನ್ನ ಕಡೆಯ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ತೆಳ್ಳಗಿನವರಲ್ಲೂ ಹೀಗಾಗುತ್ತದೆ, ಆದರೆ ಅವರಲ್ಲಿ ಬೇಗ ಸರಿಹೋಗುತ್ತದೆ. ಲ್ಯಾಪರೊಸ್ಕೋಪಿ ಆಪರೇಷನ್ ಆದವರನ್ನು ಸಿ.ಟಿ. ಸ್ಕ್ಯಾನ್ ಮಾಡಿ ಹೋಲಿಸಿ 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸಾಮಾನ್ಯ ತೂಕದವರ ಮುಚ್ಚಿದ ಭಾಗ 24 ಗಂಟೆಯೊಳಗೆ ತೆರೆದುಕೊಂಡಿತ್ತು. ತೀವ್ರ ಬೊಜ್ಜಿದ್ದವರಲ್ಲಿ ಅದು ಹಾಗೆಯೇ ಉಳಿದಿತ್ತು. ಮುಚ್ಚಿದ ಗೂಡುಗಳಲ್ಲಿ ಕಫ ನಿಂತರೆ ಸೋಂಕಿಗೆ ದಾರಿ. ಉಸಿರಾಟದ ವ್ಯಾಯಾಮ ಇರುವುದು ಈ ಗೂಡುಗಳನ್ನು ತೆರೆಯುವುದಕ್ಕೆ. ಅದರ ಮುಖ್ಯ ಕೆಲಸ ಮುಗಿಯುವುದು ಮೊದಲ ಕೆಲವು ದಿನಗಳಲ್ಲೇ.

ಈ ಕೆಲಸಕ್ಕೆ ಮೂರು ಚೆಂಡಿನ ಪ್ಲಾಸ್ಟಿಕ್ ಉಪಕರಣ ಬೇಕೇ ಬೇಕು ಎಂಬ ನಂಬಿಕೆ ಇನ್ನೊಂದು. ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವ ಸ್ಪೈರೋಮೀಟರ್ ಅದೇ. ಅದರ ಮೇಲೆ 600, 900, 1200 ಎಂದು ಬರೆದಿರುತ್ತದೆ. ಅದು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಒಳಹೋಗುತ್ತಿದೆ ಎಂಬ ವೇಗದ ಲೆಕ್ಕ. ಒಟ್ಟು ಎಷ್ಟು ಗಾಳಿ ತುಂಬಿತು ಎಂಬುದರ ಲೆಕ್ಕವಲ್ಲ. ಒಂದೇ ಎಳೆತಕ್ಕೆ ಮೂರೂ ಚೆಂಡು ಟಕ್ಕೆಂದು ಮೇಲೆ ಹಾರಿಸಿ ಗೆದ್ದೆವೆಂದುಕೊಳ್ಳುವವರ ಶ್ವಾಸಕೋಶದ ತಳಕ್ಕೆ ಗಾಳಿ ಸರಿಯಾಗಿ ತಲುಪಿರುವುದಿಲ್ಲ. ಕೆಲವರು ಎಳೆಯುವ ಬದಲು ಊದುತ್ತಾರೆ, ಚೆಂಡು ಕದಲುವುದಿಲ್ಲ. ಒಂದೋ ಎರಡೋ ಚೆಂಡನ್ನು ನಿಧಾನವಾಗಿ ಎತ್ತಿ, ಮೂರರಿಂದ ಐದು ಸೆಕೆಂಡು ಮೇಲೆಯೇ ನಿಲ್ಲಿಸಿಕೊಳ್ಳುವ ಉಸಿರು ಇದಕ್ಕಿಂತ ಎಷ್ಟೋ ಮೇಲು. ಉಪಕರಣವಿಲ್ಲದೆಯೂ ಅದನ್ನು ಮಾಡಬಹುದು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದ 224 ಜನರನ್ನು ಎರಡು ಗುಂಪು ಮಾಡಿ ಅಮೆರಿಕದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಜಾಮಾ ಸರ್ಜರಿಯಲ್ಲಿ ಬಂತು. ಸ್ಪೈರೋಮೀಟರ್ ಕೊಟ್ಟವರಿಗೂ ಕೊಡದವರಿಗೂ ಆಮ್ಲಜನಕದ ಮಟ್ಟದಲ್ಲಾಗಲಿ ಶ್ವಾಸಕೋಶದ ತೊಂದರೆಗಳಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗಿದ್ದರೆ ಈ ವ್ಯಾಯಾಮವೇ ವ್ಯರ್ಥವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪ್ರಯೋಗ ಅಳೆದದ್ದು ಉಪಕರಣವನ್ನು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ನಡೆದು 2018ರಲ್ಲಿ ಬಿಎಂಜೆಯಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಬೇರೆಯದನ್ನು ಅಳೆಯಿತು. ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್‌ಗೆ ಹೊರಟಿದ್ದ 441 ಜನರಲ್ಲಿ ಅರ್ಧದಷ್ಟು ಮಂದಿಗೆ ಬರೀ ಒಂದು ಮಾಹಿತಿ ಪುಸ್ತಿಕೆ ಕೊಟ್ಟರು. ಉಳಿದವರನ್ನು ಫಿಸಿಯೋಥೆರಪಿಸ್ಟ್ ಒಬ್ಬರು ಆಪರೇಷನ್‌ಗೆ ಮುಂಚೆಯೇ ಅರ್ಧ ಗಂಟೆ ಕೂರಿಸಿ, ಶ್ವಾಸಕೋಶಕ್ಕೆ ಏನಾಗುತ್ತದೆ ಎಂದು ವಿವರಿಸಿ, ಎಚ್ಚರವಾದ ಕೂಡಲೇ ಗಂಟೆಗೊಮ್ಮೆ ಮಾಡಬೇಕಾದ ಉಸಿರಾಟವನ್ನು ಕಲಿಸಿದರು. ಪುಸ್ತಿಕೆ ಪಡೆದವರಲ್ಲಿ ಶೇ. 27 ಮಂದಿಗೆ ಶ್ವಾಸಕೋಶದ ತೊಂದರೆ ಬಂತು; ಕಲಿತವರಲ್ಲಿ ಶೇ. 12 ಮಂದಿಗೆ ಮಾತ್ರ. ಅವೆಲ್ಲ ಹೊಟ್ಟೆ ತೆರೆದು ಮಾಡಿದ ಆಪರೇಷನ್‌ಗಳು, ತೂಕ ಇಳಿಸುವ ಶಸ್ತ್ರಚಿಕಿತ್ಸೆ ಈಗ ಬಹುಮಟ್ಟಿಗೆ ಲ್ಯಾಪರೊಸ್ಕೋಪಿಯಲ್ಲಿ ನಡೆಯುತ್ತದೆ. ಆದ್ದರಿಂದ ಅದೇ ಅಂಕಿಯನ್ನು ಇಲ್ಲಿಗೆ ಎತ್ತಿ ತರುವುದು ತಪ್ಪು. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಅರ್ಥ ತಿಳಿದು, ಮುಂಚೆಯೇ ಕಲಿತು, ತಾನಾಗಿ ಮಾಡುವ ಉಸಿರಾಟಕ್ಕೆ ಬೆಲೆಯಿದೆ. ಹಾಸಿಗೆಯ ಪಕ್ಕ ಇಟ್ಟುಹೋದ ಪ್ಲಾಸ್ಟಿಕ್ ಡಬ್ಬಿಗೆ ಆ ಬೆಲೆಯಿಲ್ಲ. ಹೊಸ ಉಪಕರಣ ಕೊಳ್ಳುವುದಕ್ಕಿಂತ, ಭರ್ತಿಯಾಗುವ ಮುಂಚೆ ಫಿಸಿಯೋಥೆರಪಿಸ್ಟರ ಅರ್ಧ ಗಂಟೆಯನ್ನು ಕೇಳಿ ಪಡೆಯುವುದು ಮೇಲು.

ದೀರ್ಘವಾಗಿ ಉಸಿರೆಳೆದರೆ, ಕೆಮ್ಮಿದರೆ ಕತ್ತರಿಸಿದ ಜಠರವನ್ನು ಮುಚ್ಚಲು ಹಾಕಿದ ಸ್ಟೇಪಲ್ ಬಿಚ್ಚಿಹೋಗುತ್ತದೆ ಎಂಬ ಭಯವೇ ಬಹಳ ಜನ ಮೇಲುಮೇಲಿನ ಉಸಿರಲ್ಲೇ ಉಳಿಯಲು ಕಾರಣ. ಸ್ಟೇಪಲ್ ಸಾಲಿನಲ್ಲಿ ಸೋರಿಕೆಯಾಗುವುದು ಆ ಜಾಗಕ್ಕೆ ರಕ್ತ ಸಾಲದೆ ಹೋದಾಗ, ಕಿರಿದಾದ ಜಠರದ ನಳಿಕೆಯೊಳಗೆ ಒತ್ತಡ ಹೆಚ್ಚಿದಾಗ. ನಿಧಾನವಾದ ಉಸಿರು ಅದನ್ನು ಬಿಚ್ಚುವುದಿಲ್ಲ. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದರೆ ನೋವು ಕಡಿಮೆ, ಕಫವೂ ಸಲೀಸಾಗಿ ಬರುತ್ತದೆ. ಇದೇ ಭಯದಿಂದ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಮೊದಲಿನಿಂದ ಒತ್ತಡದಿಂದ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಬಳಸುತ್ತಿದ್ದವರೂ ಆಪರೇಷನ್ ನಂತರ ಅದನ್ನು ಬದಿಗಿಡುವುದುಂಟು. ಸಾವಿರಕ್ಕೂ ಹೆಚ್ಚು ಗ್ಯಾಸ್ಟ್ರಿಕ್ ಬೈಪಾಸ್ ರೋಗಿಗಳನ್ನು ಗಮನಿಸಿದ 2002ರ ಅಧ್ಯಯನದಲ್ಲಿ ಸಿಪ್ಯಾಪ್ ಬಳಸಿದವರಲ್ಲಿ ಸೋರಿಕೆ ಹೆಚ್ಚಾಗಿರಲಿಲ್ಲ. ತೂಕ ಇಳಿದು, ನಿದ್ರೆಯ ಪರೀಕ್ಷೆ ಮತ್ತೆ ಮಾಡಿಸಿದ ಮೇಲೆ ವೈದ್ಯರು ಬೇಡವೆಂದರೆ ಮಾತ್ರ ಅದನ್ನು ನಿಲ್ಲಿಸಬೇಕು.

ಇನ್ನು ಫಿಟ್‌ನೆಸ್ಸಿನ ಮಾತು. ಉಸಿರಾಟದ ವ್ಯಾಯಾಮ ಮುಂದುವರಿಸಿದರೆ ದಮ್ಮು ಬೆಳೆಯುತ್ತದೆ, ಬೇರೆ ವ್ಯಾಯಾಮ ಬೇಡ ಎನ್ನುವವರಿಗೆ ಎರಡು ಸಂಗತಿ ತಿಳಿದಿರಬೇಕು. ತೂಕ ಇಳಿದಂತೆಲ್ಲ ವಪೆಯ ಮೇಲಿನ ಹೊರೆ ಇಳಿದು ಶ್ವಾಸಕೋಶದ ಗಾಳಿ ಹಿಡಿಯುವ ಅಳತೆ ತಾನಾಗಿ ಸುಧಾರಿಸುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಡೆ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತಿರುತ್ತದೆ. ದೇಹ ಒಟ್ಟಾರೆ ಬಳಸಬಲ್ಲ ಗರಿಷ್ಠ ಆಮ್ಲಜನಕವನ್ನು ಅಳೆದರೆ, ವ್ಯಾಯಾಮ ಮಾಡದವರಲ್ಲಿ ಅದು ಹೆಚ್ಚುವುದೇ ಇಲ್ಲ. ಹಗುರವಾದ ದೇಹದಿಂದ ಭಾಗಿಸಿದಾಗ ಮಾತ್ರ ಹೆಚ್ಚಾದಂತೆ ಕಾಣುತ್ತದೆ. ಸ್ನಾಯುವನ್ನು ಉಳಿಸಿಕೊಡುವುದು ಸಾಕಷ್ಟು ಪ್ರೋಟೀನ್ ಮತ್ತು ಭಾರದ ವಿರುದ್ಧ ಮಾಡುವ ವ್ಯಾಯಾಮ, ಹೃದಯಕ್ಕೆ ಬಲ ಕೊಡುವುದು ನಡಿಗೆ. ಮೊದಲ ದಿನ ವಾರ್ಡಿನ ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆಯಿಂದ ಶುರುವಾದ ನಡಿಗೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ 150ರಿಂದ 300 ನಿಮಿಷದ ಕಡೆಗೆ ಕ್ರಮೇಣ ಏರಬೇಕು. ಆಪರೇಷನ್ ಆದ ಒಂದೆರಡು ದಿನ ಹೆಗಲಿನಲ್ಲಿ ಕಾಣಿಸುವ ಗ್ಯಾಸ್ ನೋವಿಗೂ ನಡೆಯುವುದನ್ನೇ ಹೇಳುತ್ತಾರೆ. ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್ ವಪೆಯನ್ನು ಕೆರಳಿಸಿದಾಗ ಬರುವ ನೋವದು. ಆ ಅನಿಲ ರಕ್ತಕ್ಕೆ ಸೇರಿ ಸಹಜ ಉಸಿರಿನಲ್ಲೇ ಹೊರಹೋಗುತ್ತದೆ.

ಕೊನೆಯದಾಗಿ, ಜೀವಕ್ಕೇ ಕುತ್ತಾಗಬಲ್ಲ ಒಂದು ನಂಬಿಕೆ: ಉಸಿರು ಕಟ್ಟಿದಂತಾದರೆ ಇನ್ನಷ್ಟು ಉಸಿರಾಟದ ವ್ಯಾಯಾಮ ಮಾಡಿದರಾಯಿತು ಎನ್ನುವುದು. ಆಪರೇಷನ್ ನಂತರದ ವಾರಗಳಲ್ಲಿ ಹೊಸದಾಗಿ ಏದುಸಿರು ಬಂದರೆ, ಸುಮ್ಮನೆ ಕುಳಿತಾಗಲೂ ನಾಡಿ ನಿಮಿಷಕ್ಕೆ 120ರ ಆಚೆಗೇ ಓಡುತ್ತಿದ್ದರೆ, ಜ್ವರ, ಎದೆನೋವು, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಅಥವಾ ಒಂದು ಕಾಲಿನ ಮೀನಖಂಡದಲ್ಲಿ ಊತ ಕಂಡರೆ, ಅದು ಸ್ಟೇಪಲ್ ಸಾಲಿನ ಸೋರಿಕೆಯಿರಬಹುದು, ಶ್ವಾಸಕೋಶಕ್ಕೆ ಹೋದ ರಕ್ತದ ಹೆಪ್ಪಿರಬಹುದು. ಎರಡಕ್ಕೂ ಮನೆಯಲ್ಲಿ ಮದ್ದಿಲ್ಲ. ಬೆಳಗಾಗಲಿ ಎಂದು ಕಾಯದೆ, ರಾತ್ರಿಯಾದರೂ ಸರಿ, ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಯಾವ ಆಪರೇಷನ್ ಯಾವತ್ತು ಆಯಿತು ಎಂಬುದನ್ನು ಮೊದಲು ಹೇಳಿ, ಡಿಸ್ಚಾರ್ಜ್ ಚೀಟಿಯನ್ನು ಕೈಗೆ ಕೊಡಬೇಕು.